ಸ್ವಂತ ಎಂಜಿನ್ ಬರೆಯಬೇಕಾ, ಇದ್ದದ್ದನ್ನು ಬಳಸಬೇಕಾ? 14 ತಿಂಗಳಿಂದ ಇದೇ ಜಗಳ

ಕೊನೆಮೈಲು:
ಸಿಂಧನೂರಿನಿಂದ ಬರೆಯುತ್ತಿದ್ದೇನೆ. ನಾವು ಮೂರು ಜನ ಸೇರಿ ಒಂದು ಮೊಬೈಲ್ ಗೇಮ್ ಮಾಡುತ್ತಿದ್ದೇವೆ. ಒಬ್ಬ ಕೋಡ್ ಬರೆಯುತ್ತಾನೆ, ಒಬ್ಬಳು ಚಿತ್ರ ಬಿಡಿಸುತ್ತಾಳೆ, ಮಿಕ್ಕಿದ್ದೆಲ್ಲ ನನ್ನ ತಲೆಗೆ. ಗೇಮ್‌ನಲ್ಲಿ ನೀವು ನೀರಗಂಟಿ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯಂಥದ್ದೇ ಒಂದು ಕಾಲುವೆ ಇರುತ್ತದೆ. ಮೇಲೆ ಯಾರೋ ತೂಬು ಎತ್ತಿದರೆ ಕೆಳಗೆ ಗೇಜ್ (ನೀರಿನ ಮಟ್ಟ) ಇಳಿಯುತ್ತದೆ. ಕೊನೆ ಹೊಲದ ಭತ್ತ ಒಣಗುವುದರೊಳಗೆ ಅಲ್ಲಿಗೆ ನೀರು ಮುಟ್ಟಿಸಬೇಕು. ಮಾನ್ವಿ, ಸಿರವಾರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕೋಡ್ ಗೆಳೆಯ ಮೊದಲ ದಿನವೇ ‘ಎಂಜಿನ್ ನಾನೇ ಬರೆಯುತ್ತೇನೆ’ ಎಂದ. ಎಂಜಿನ್ ಅಂದರೆ ಚಿತ್ರ ತೋರಿಸುವುದು, ಸದ್ದು, ಸೇವ್ ಇಂಥದ್ದೆಲ್ಲ ನೋಡಿಕೊಳ್ಳುವ, ಗೇಮ್‌ನ ಅಡಿಪಾಯದ ಸಾಫ್ಟ್‌ವೇರ್. ಸಿ ಪ್ಲಸ್ ಪ್ಲಸ್‌ನಲ್ಲಿ ಶುರು ಮಾಡಿದ. 14 ತಿಂಗಳಾಯಿತು. ನೀರು ಮಾತ್ರ ನಿಜಕ್ಕೂ ಚೆನ್ನಾಗಿ ಹರಿಯುತ್ತದೆ, ನೋಡುತ್ತಾ ಕೂರಬಹುದು. ಆದರೆ ಮೆನು ಇಲ್ಲ, ಸದ್ದು ಇಲ್ಲ, ಆಟ ಸೇವ್ ಆಗುವುದಿಲ್ಲ. ಕನ್ನಡ ಅಕ್ಷರ ಹಾಕಿದರೆ ಒತ್ತಕ್ಷರವೆಲ್ಲ ಚೂರು ಚೂರು. ‘ಯೂನಿಟಿಗೋ ಇನ್ನೊಂದು ಸಿದ್ಧ ಎಂಜಿನ್‌ಗೋ ಹೋಗೋಣ’ ಅಂದರೆ, ‘ಅವರು ನಾಳೆ ರೂಲ್ಸ್ ಬದಲಾಯಿಸುತ್ತಾರೆ, ಆಗ ಏನು ಮಾಡ್ತೀಯ’ ಎನ್ನುತ್ತಾನೆ. ಅದೂ ಸುಳ್ಳಲ್ಲ.

ದೊಡ್ಡ ಸ್ಟುಡಿಯೋಗಳು ಇದನ್ನು ಹೇಗೆ ತೀರ್ಮಾನ ಮಾಡುತ್ತವೆ? ಗೊತ್ತಿದ್ದವರು ಹೇಳಿ. ಬೈಯುವವರು ಸ್ವಲ್ಪ ನಿಧಾನಕ್ಕೆ ಬೈಯಿರಿ, ಅವನೂ ಇದನ್ನು ಓದುತ್ತಾನೆ.

ಮಿರ್ಚಿ_ಒಗ್ಗಾಣಿ:
ಮೂರು ಜನ ಇದ್ದು ಸ್ವಂತ ಎಂಜಿನ್ನಾ? ಒಗ್ಗಾಣಿ ತಿನ್ನಬೇಕು ಅನ್ನಿಸಿದರೆ ಮಂಡಾಳು ಭಟ್ಟಿ ಹಾಕಿಸುತ್ತೀರಾ?

ಬಿಸಿಲೂರು:
ನೀರು ಚೆನ್ನಾಗಿ ಹರಿಯುತ್ತದೆ ಅಂದ್ರಲ್ಲ, ಅಷ್ಟು ಸಾಕು. ರಾಯಚೂರಿನಲ್ಲಿ ಅದು ಗೇಮ್ ಅಲ್ಲ, ಕನಸು.

ಸೆಮಿಕೋಲನ್:
ನಾನು ಬಳ್ಳಾರಿಯವನು. ಬೆಂಗಳೂರಿನಲ್ಲಿ ಗೇಮ್ ಕೆಲಸ ಮಾಡಿ ಒಂಬತ್ತು ವರ್ಷ ಆಯಿತು. ದೊಡ್ಡವರ ಕಥೆ ಕೇಳಿದ್ದೀರಿ, ಹೇಳುತ್ತೇನೆ.

ಮೊದಲು ಸಿಡಿ ಪ್ರಾಜೆಕ್ಟ್ ರೆಡ್. ಪೋಲೆಂಡಿನವರು. ಅವರದ್ದೇ ರೆಡ್‌ಎಂಜಿನ್ ಇತ್ತು. 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಬಿಟ್ಟರು. ಹಳೆಯ ಕನ್ಸೋಲ್‌ಗಳಲ್ಲಿ ಎಷ್ಟು ಕೆಟ್ಟದಾಗಿ ಓಡಿತೆಂದರೆ ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆದುಹಾಕಿತು. 2022ರ ಮಾರ್ಚ್‌ನಲ್ಲಿ ಮುಂದಿನ ವಿಚರ್ ಗೇಮ್ ಎಲ್ಲರಿಗೂ ಸಿಗುವ ಅನ್‌ರಿಯಲ್ ಎಂಜಿನ್ 5ರಲ್ಲಿ ಮಾಡುತ್ತೇವೆ ಎಂದರು. ಹೇಲೋ ಗೇಮ್ ಮಾಡುವವರದ್ದೂ ಅದೇ ದಾರಿ. ಹೇಲೋ ಇನ್ಫಿನಿಟ್‌ಗೆ ಸ್ಲಿಪ್‌ಸ್ಪೇಸ್ ಅಂತ ಸ್ವಂತ ಎಂಜಿನ್ ಕಟ್ಟಿದ್ದರು, 2024ರ ಅಕ್ಟೋಬರ್‌ನಲ್ಲಿ ಅನ್‌ರಿಯಲ್‌ಗೆ ಹೋಗುತ್ತೇವೆ ಎಂದು ಹೇಳಿದರು. ಮೈಕ್ರೋಸಾಫ್ಟ್ ದುಡ್ಡು ಬೆನ್ನಿಗಿದ್ದ ಸ್ಟುಡಿಯೋ ಅದು.

ಸ್ವಂತ ಎಂಜಿನ್ ಕೆಟ್ಟದ್ದು ಅಂತ ಅವರು ಬಿಟ್ಟಿದ್ದಲ್ಲ. ರೆಡ್‌ಎಂಜಿನ್‌ನಲ್ಲಿ ಸೈಬರ್‌ಪಂಕ್ ಈಗಲೂ ಕಣ್ಣಿಗೆ ಹಬ್ಬ. ಎಂಜಿನ್ ಅಂದರೆ ಬರೆದು ಮುಗಿಸುವ ವಸ್ತು ಅಲ್ಲ, ಅದನ್ನು ದಿನಾ ಸಾಕಬೇಕು. ಗೇಮ್ ಮಾಡುವ ಜನರ ಪಕ್ಕದಲ್ಲೇ ಎಂಜಿನ್ ರಿಪೇರಿ ಮಾಡುವ ಇನ್ನೊಂದು ಪಡೆ ಕೂತಿರಬೇಕು. ಹೊಸಬ ಕೆಲಸಕ್ಕೆ ಸೇರಿದರೆ ಅನ್‌ರಿಯಲ್ ಆದರೆ ಮೊದಲೇ ಗೊತ್ತಿರುತ್ತದೆ. ನಿಮ್ಮ ಮನೆಯ ಎಂಜಿನ್ ಆದರೆ ಕಲಿಯುವುದಕ್ಕೇ ಆರು ತಿಂಗಳು ಸಂಬಳ ಕೊಡಬೇಕು. ಕಲಿತ ಮೇಲೆ ಅವನು ಬಿಟ್ಟು ಹೋಗುತ್ತಾನೆ, ಅದು ಬೇರೆ ಮಾತು.

ಹಳೆ_ಪಿಸಿ:
ಬಳ್ಳಾರಿಯಲ್ಲಿ ಒಂದು ಕಾಲದಲ್ಲಿ ಸೈಬರ್ ಕೆಫೆ ಇಟ್ಟಿದ್ದೆ. ಗಂಟೆಗೆ 15 ರೂಪಾಯಿ. ಹುಡುಗರು ಬರುತ್ತಿದ್ದದ್ದು ಎರಡಕ್ಕೇ, ವೈಸ್ ಸಿಟಿ ಮತ್ತು ಕೌಂಟರ್ ಸ್ಟ್ರೈಕ್. ಎರಡೂ ಬೇರೆಯವರ ಎಂಜಿನ್ ಮೇಲೆ ನಿಂತಿದ್ದವು ಅಂತ ಎಷ್ಟು ಜನಕ್ಕೆ ಗೊತ್ತು? ವೈಸ್ ಸಿಟಿ ಓಡುತ್ತಿದ್ದದ್ದು ರೆಂಡರ್‌ವೇರ್ ಮೇಲೆ. ಅದು ಕ್ರೈಟೀರಿಯನ್ ಎಂಬ ಇಂಗ್ಲೆಂಡಿನ ಕಂಪನಿಯದ್ದು. ಕೌಂಟರ್ ಸ್ಟ್ರೈಕ್ ಇದ್ದದ್ದು ಹಾಫ್ ಲೈಫ್ ಎಂಜಿನ್‌ನಲ್ಲಿ. ಆ ಎಂಜಿನ್ ಆದರೂ ಐಡಿ ಕಂಪನಿಯ ಕ್ವೇಕ್ ಎಂಜಿನ್ ತೆಗೆದುಕೊಂಡು ತಿದ್ದಿ ಮಾಡಿದ್ದು.

ಕೊನೆಮೈಲು:
@ಹಳೆ_ಪಿಸಿ ಯಾವ ಏರಿಯಾದಲ್ಲಿ ಇತ್ತು ನಿಮ್ಮ ಕೆಫೆ? ನಮ್ಮ ಅಣ್ಣ ಬಳ್ಳಾರಿಯಲ್ಲಿ ಓದುವಾಗ ಹಾಸ್ಟೆಲ್ ದುಡ್ಡೆಲ್ಲ ಅಲ್ಲೇ ಸುರಿದಿರಬೇಕು.

ಹಳೆ_ಪಿಸಿ:
ಹೇಳಿದರೆ ಹಳೆ ಗಿರಾಕಿಗಳೆಲ್ಲ ಬಂದು ಬಾಕಿ ಚಿಲ್ಲರೆ ಕೇಳುತ್ತಾರೆ. ಬೇಡ ಬಿಡಿ.

ಗೆಳೆಯ_ನಾನೇ:
ಆ 14 ತಿಂಗಳ ಗೆಳೆಯ ನಾನೇ. ರೆಂಡರ್‌ವೇರ್ ಮಾತು ಬಂದಿದ್ದು ಒಳ್ಳೆಯದಾಯಿತು, ಪೂರ್ತಿ ಹೇಳಿ ಸ್ವಾಮಿ. 2004ರಲ್ಲಿ ಏನಾಯಿತು? ಇಎ ಎಂಬ ದೊಡ್ಡ ಗೇಮ್ ಕಂಪನಿ ಬಂದು ಕ್ರೈಟೀರಿಯನ್ ಕಂಪನಿಯನ್ನೇ ಕೊಂಡುಬಿಟ್ಟಿತು. ವೈಸ್ ಸಿಟಿ ಮಾಡಿದ ರಾಕ್‌ಸ್ಟಾರ್‌ಗೆ ದೊಡ್ಡ ಪೈಪೋಟಿ ಯಾರು? ಅದೇ ಇಎ. ತನ್ನ ಗೇಮ್‌ನ ಅಡಿಪಾಯವೇ ಎದುರಾಳಿ ಕೈಗೆ ಹೋಯಿತು. ಆಮೇಲೆ ರಾಕ್‌ಸ್ಟಾರ್ ತನ್ನದೇ ರೇಜ್ ಎಂಜಿನ್ ಕಟ್ಟಿಕೊಂಡಿತು. 2006ರಲ್ಲಿ ಟೇಬಲ್ ಟೆನಿಸ್ ಗೇಮ್ ಬಿಟ್ಟು ಅದನ್ನು ಪರೀಕ್ಷೆ ಮಾಡಿದರು, ಆಮೇಲೆ 2008ರಲ್ಲಿ ವೈಸ್ ಸಿಟಿ ಸರಣಿಯದ್ದೇ ಜಿಟಿಎ 4. ಇವತ್ತಿಗೂ ಅದೇ ಎಂಜಿನ್. ಯಾರ ಹಂಗೂ ಇಲ್ಲ.

ಯೂನಿಟಿ ಏನು ಮಾಡಿತು ನೆನಪಿದೆಯಾ? 2023ರ ಸೆಪ್ಟೆಂಬರ್ 12. ಗೇಮ್ ಒಂದು ಫೋನಿಗೆ ಇನ್‌ಸ್ಟಾಲ್ ಆದರೆ ಇಷ್ಟು ದುಡ್ಡು ಕಟ್ಟಿ ಎಂದರು. ಉಚಿತ ಆವೃತ್ತಿ ಬಳಸುವವರಿಗೆ 20 ಸೆಂಟ್, ಅದೂ ಮೊದಲೇ ಬಿಡುಗಡೆಯಾದ ಗೇಮ್‌ಗಳಿಗೂ ಸೇರಿಸಿ. ಆ ಗೇಮ್ ಮಾಡಿದವರು ಸಹಿ ಹಾಕಿದಾಗ ಈ ನಿಯಮ ಇರಲೇ ಇಲ್ಲ. ಕಾಲುವೆ ನೀರು ನಂಬಿ ನಾಟಿ ಹಾಕಿದ ಮೇಲೆ ಸರದಿ ಬದಲಾಯಿಸಿದ ಹಾಗೆ. ನಮ್ಮಪ್ಪ ಅದಕ್ಕೇ ಬೋರ್ ಹಾಕಿಸಿದ್ದು. ನಾನೂ ಬೋರ್ ಹಾಕುತ್ತಿದ್ದೇನೆ, ಅಷ್ಟೇ.

ಮಿರ್ಚಿ_ಒಗ್ಗಾಣಿ:
ಬೋರ್ ಎಷ್ಟು ಅಡಿಗೆ ಹೋಗಿದೆ ಈಗ? ನೀರು ಬಂತಾ?

ಗೆಳೆಯ_ನಾನೇ:
14 ತಿಂಗಳು. ನೀರು ಬಂದಿದೆ. ಮೋಟರ್ ಬಾಕಿ ಇದೆ.

ಜೀನ್ಸ್_ನಗರ:
20 ಸೆಂಟ್ ವಿಷಯಕ್ಕೆ ಒಂದು ತಿದ್ದುಪಡಿ. ಅದು ಎಲ್ಲರಿಗೂ ಇರಲಿಲ್ಲ. ಉಚಿತ ಆವೃತ್ತಿಯಲ್ಲಿ ವರ್ಷಕ್ಕೆ 2 ಲಕ್ಷ ಡಾಲರ್ ದುಡಿಮೆ, ಜೊತೆಗೆ 2 ಲಕ್ಷ ಇನ್‌ಸ್ಟಾಲ್, ಎರಡೂ ದಾಟಿದ ಮೇಲೆ ಅಂತ ಇತ್ತು. ಗಲಾಟೆ ಆದ ಮೇಲೆ ಹತ್ತೇ ದಿನಕ್ಕೆ ನಿಯಮ ಸಡಿಲ ಮಾಡಿದರು. ಮುಂದಿನ ತಿಂಗಳು ಸಿಇಒ ಜಾನ್ ರಿಕಿಟಿಯೆಲ್ಲೊ ಹೊರಗೆ ಹೋದರು. ಸರಿಯಾಗಿ ಒಂದು ವರ್ಷಕ್ಕೆ, 2024ರ ಸೆಪ್ಟೆಂಬರ್ 12ಕ್ಕೆ, ಗೇಮ್ ಮಾಡುವವರಿಗೆ ಆ ಶುಲ್ಕವನ್ನೇ ಪೂರ್ತಿ ರದ್ದು ಮಾಡಿದರು. ಈಗ 2 ಲಕ್ಷ ಡಾಲರ್ ತನಕ ಉಚಿತ ಆವೃತ್ತಿ ಸಾಕು. ಅದು ಒಂದೂವರೆ ಕೋಟಿ ರೂಪಾಯಿಗೂ ಜಾಸ್ತಿ. ಸಿಂಧನೂರಿನ ಮೂವರು ಆ ಚಿಂತೆ ಈಗಲೇ ಮಾಡಬೇಕಾ?

ಗೆಳೆಯ_ನಾನೇ:
ರದ್ದು ಮಾಡಿದರು, ಸರಿ. ಒಮ್ಮೆ ಮಾಡಿದವರು ಇನ್ನೊಮ್ಮೆ ಮಾಡುವುದಿಲ್ಲ ಅಂತ ಗ್ಯಾರಂಟಿ ನೀವು ಕೊಡುತ್ತೀರಾ? ಕಾಲುವೆ ಪಕ್ಕ ಹುಟ್ಟಿದವರು ಮೇಲಿನವರ ಮಾತು ನಂಬುವುದು ಕಷ್ಟ ಇದೆ ಅಣ್ಣ.

ಆನೆಗೊಂದಿ_ಎಕ್ಸ್‌ಪ್ರೆಸ್:
ಮೇಲಿನವರು ಅಂದರೆ ನಾವೇ ತಾನೇ, ಗಂಗಾವತಿಯವರು? ಬೈಯುವುದಾದರೆ ಹೆಸರು ಹಿಡಿದೇ ಬೈಯಿರಿ. 😄

ಗೇಜ್_104:
ಗಂಗಾವತಿ ಅಣ್ಣ, ನೀವಾಗೇ ಒಪ್ಪಿಕೊಂಡಿದ್ದೀರಿ, ನಾವು ಏನೂ ಹೇಳಿಲ್ಲ. ಎಡದಂಡೆಯಲ್ಲಿ ಇಷ್ಟೊಂದು ಭತ್ತಕ್ಕೆ ಮೂಲ ಯೋಜನೆಯಲ್ಲಿ ಜಾಗವೇ ಇರಲಿಲ್ಲ. ಹೆಚ್ಚಿನ ಜಮೀನಿಗೆ ಕಡಿಮೆ ನೀರಿನ ಬೆಳೆ ಅಂತ ಹಂಚಿದ್ದರು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು, 104ನೇ ಮೈಲಿಗೆ ಬರುವಷ್ಟರಲ್ಲಿ ಗೇಜ್ ನೋಡಿ ಅಳಬೇಕು. ಕೊನೆಮೈಲು ಅವರೇ, ಇದನ್ನು ಗೇಮ್‌ನಲ್ಲಿ ಹಾಕಿದ್ದೀರಾ? ಬರೀ ನೀರು ಹರಿದರೆ ಏನು ಬಂತು, ಮೇಲಿನವರು ಯಾವ ಬೆಳೆ ಹಾಕುತ್ತಾರೆ ಅನ್ನುವುದೇ ಇಡೀ ಆಟ.

ಕೊನೆಮೈಲು:
ಹಾಕಿದ್ದೇವೆ. ಇನ್ನೊಂದು ತಮಾಷೆ ಕೇಳಿ. ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಮಾವನಿಗೆ ‘ಗೇಮ್‌ಗೆ ಲೋಕಲೈಸೇಶನ್ ಬಾಕಿ ಇದೆ’ ಅಂದೆ. ನಾನು ಹೇಳಿದ್ದು ಕನ್ನಡ, ತೆಲುಗು ಮಾಡುವುದು. ಅವರು ಒಂದು ಗಂಟೆ ಯಾವ ಸರ್ವೆ ನಂಬರಿಗೆ ಯಾವ ಬೆಳೆ ಅಂತ ಪಾಠ ಮಾಡಿದರು. ಅವರ ಇಲಾಖೆಯಲ್ಲಿ ಲೋಕಲೈಸೇಶನ್ ಅಂದರೆ ಅದೇ ಅಂತೆ! ಆ ಪಾಠವೇ ಈಗ ಗೇಮ್‌ನ ಎರಡನೇ ಹಂತ.

ಕಿನ್ನಾಳ_ಗೊಂಬೆ:
ಹಾಯ್, ಈ ಗುಂಪಿನ ಚಿತ್ರಗಾರ್ತಿ ನಾನೇ, ಕೊಪ್ಪಳದವಳು. ಇವರಿಬ್ಬರೂ ನನ್ನ ಕಷ್ಟ ಬರೆಯಲೇ ಇಲ್ಲ, ನೋಡಿದಿರಾ.

ನಾನು ಒಂದು ಎಮ್ಮೆ ಬಿಡಿಸಿದರೆ ಅದನ್ನು ಗೇಮ್‌ನಲ್ಲಿ ನೋಡುವುದಕ್ಕೆ ಇವನಿಗೆ ಕಳಿಸಬೇಕು. ಇವನು ಒಂದು ಫೈಲ್‌ನಲ್ಲಿ ನಂಬರ್ ತಿದ್ದಿ, ಕಂಪೈಲ್ ಮಾಡಿ (ಕೋಡನ್ನು ಓಡುವ ಗೇಮ್ ಆಗಿ ಬದಲಾಯಿಸಿ), ಸಂಜೆ ಸ್ಕ್ರೀನ್‌ಶಾಟ್ ಕಳಿಸುತ್ತಾನೆ. ಎಮ್ಮೆ ಕಾಲುವೆಯೊಳಗೆ ನಿಂತಿರುತ್ತದೆ. ‘ಎರಡು ಇಂಚು ಎಡಕ್ಕೆ’ ಎನ್ನುತ್ತೇನೆ. ಮರುದಿನ ಸಂಜೆ ಇನ್ನೊಂದು ಸ್ಕ್ರೀನ್‌ಶಾಟ್. ಒಂದು ಎಮ್ಮೆಗೆ ಒಂದು ವಾರ! ರಜೆಯಲ್ಲಿ ಸುಮ್ನೆ ಗೊಡೋ ಎಂಬ ಉಚಿತ ಎಂಜಿನ್ ಹಾಕಿಕೊಂಡು ನೋಡಿದೆ. ಎಮ್ಮೆಯನ್ನು ಮೌಸ್‌ನಿಂದ ಹಿಡಿದು ಎಳೆದರೆ ಸರಿಯುತ್ತದೆ. ನನಗೆ ಬೇರೆ ಏನೂ ಬೇಡ.

ಸೆಮಿಕೋಲನ್:
👆 ಇದು. ಇದೇ. ಸ್ವಂತ ಎಂಜಿನ್ ಅಂದಾಗ ಎಲ್ಲರ ತಲೆಗೂ ಬರುವುದು ಗ್ರಾಫಿಕ್ಸ್, ವೇಗ. ಸ್ಟುಡಿಯೋಗಳು ಸಾಯುವುದು ಎಡಿಟರ್‌ನಲ್ಲಿ. ಚಿತ್ರಗಾರರು, ಹಂತ ಕಟ್ಟುವವರು ದಿನಾ ಕೈಯಲ್ಲಿ ಹಿಡಿಯುವ ಸಲಕರಣೆ ಅದು. ಅವರ ಒಂದು ದಿನ ಹಾಳಾದರೆ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಇಎ ಕಥೆ ಕೇಳಿ. ಡೈಸ್ ಎಂಬ ಸ್ಟುಡಿಯೋ ಬ್ಯಾಟಲ್‌ಫೀಲ್ಡ್‌ಗಾಗಿ ಫ್ರಾಸ್ಟ್‌ಬೈಟ್ ಎಂಜಿನ್ ಬರೆಯಿತು, 2008ರಲ್ಲಿ ಮೊದಲ ಗೇಮ್ ಬಂತು. ಗುಂಡು ಹಾರಿಸುವುದಕ್ಕೆ, ಕಟ್ಟಡ ಉರುಳಿಸುವುದಕ್ಕೆ ಅದ್ಭುತ ಎಂಜಿನ್. ಇಎ ‘ಎಲ್ಲರೂ ಇದನ್ನೇ ಬಳಸಿ’ ಅಂದಿತು. ಬಯೋವೇರ್ ಕಥೆ ಹೇಳುವ ಗೇಮ್ ಮಾಡುವ ಕಂಪನಿ. ಅವರಿಗೆ ಬೇಕಾದ ಚೀಲ, ಸಾಮಾನು ಪಟ್ಟಿ, ಜೊತೆಗಾರರು, ಸೇವ್ ವ್ಯವಸ್ಥೆ ಇಂಥವೆಲ್ಲ ಅದರಲ್ಲಿ ಇರಲಿಲ್ಲ. ತಾವೇ ಕಟ್ಟಿಕೊಳ್ಳಬೇಕಾಯಿತು. 2017ರ ಮಾಸ್ ಎಫೆಕ್ಟ್ ಆಂಡ್ರೋಮಿಡಾದಲ್ಲಿ ಪಾತ್ರಗಳ ಮುಖ ನೋಡಿ ಜಗತ್ತೇ ನಕ್ಕಿತು. ತಪ್ಪೆಲ್ಲ ಎಂಜಿನ್‌ದೇ ಅಂತ ನಾನು ಹೇಳುವುದಿಲ್ಲ. ಆದರೆ ಎತ್ತಿನ ನೊಗವನ್ನು ಕುದುರೆಗೆ ಕಟ್ಟಿದ ಹಾಗಾಯಿತು. ಅದೇ ಇಎ ಅಡಿಯಲ್ಲಿರುವ ರೆಸ್ಪಾನ್‌ಗೆ ಮಾತ್ರ ಫ್ರಾಸ್ಟ್‌ಬೈಟ್ ಹೊರೆ ಬೀಳಲಿಲ್ಲ. ಅವರು ಜೆಡೈ ಗೇಮನ್ನು ಅನ್‌ರಿಯಲ್‌ನಲ್ಲಿ ಮಾಡಿದರು, ಏಪೆಕ್ಸ್ ಲೆಜೆಂಡ್ಸನ್ನು ವಾಲ್ವ್ ಕಂಪನಿಯ ಸೋರ್ಸ್ ಎಂಜಿನ್ ತಿದ್ದಿ ಮಾಡಿದರು.

ಹಟ್ಟಿ_ಹುಡುಗ:
ಒಂದು ನಿಮಿಷ. ಕ್ಯಾಪ್‌ಕಾಮ್‌ನ ಆರ್‌ಇ ಎಂಜಿನ್ ಸ್ವಂತದ್ದೇ ಅಲ್ವಾ? ರೆಸಿಡೆಂಟ್ ಈವಿಲ್ 7ರಿಂದ ಇಲ್ಲಿಯತನಕ ಎಷ್ಟು ಗೇಮ್ ಬಂದವು ಅದರಲ್ಲಿ. ನಾಟಿ ಡಾಗ್ ಸ್ಟುಡಿಯೋದ್ದು ಸ್ವಂತ. ಫ್ಯಾಕ್ಟೋರಿಯೊ ಗೇಮ್‌ದು ಸ್ವಂತ. ನೋಯಿಟಾ ಗೇಮ್‌ನಲ್ಲಿ ಪರದೆಯ ಒಂದೊಂದು ಚುಕ್ಕಿಯೂ ಉರಿಯುತ್ತದೆ, ಕರಗುತ್ತದೆ, ಹರಿಯುತ್ತದೆ. ಅದನ್ನು ಯೂನಿಟಿಯಲ್ಲಿ ಎಳೆದು ಬಿಡುವುದಕ್ಕೆ ಆಗುತ್ತಾ? ಅನಿಮಲ್ ವೆಲ್ ನೋಡಿ, ಒಬ್ಬನೇ ಮನುಷ್ಯ, ಸ್ವಂತ ಎಂಜಿನ್, 2024ರಲ್ಲಿ ಬಂತು, ಇಡೀ ಗೇಮ್ 40 ಎಂಬಿ ಕೂಡ ಇಲ್ಲ. ಎಲ್ಲರೂ ಅನ್‌ರಿಯಲ್‌ಗೆ ಓಡಿದರೆ ಎಲ್ಲ ಗೇಮೂ ಒಂದೇ ಥರ ಕಾಣುತ್ತವೆ. ಒಂದೇ ಥರ ತಡವರಿಸುತ್ತವೆ ಕೂಡ.

ಜೀನ್ಸ್_ನಗರ:
ಅನಿಮಲ್ ವೆಲ್ ಮಾಡಲು ಏಳು ವರ್ಷ ಹಿಡಿಯಿತು ಅನ್ನುವುದನ್ನು ಯಾಕೆ ಬಿಟ್ಟಿರಿ?

ಹಟ್ಟಿ_ಹುಡುಗ:
ನಮ್ಮೂರಲ್ಲಿ ಗ್ರಾಂ ಲೆಕ್ಕದ ಚಿನ್ನಕ್ಕೆ ಟನ್ ಲೆಕ್ಕದಲ್ಲಿ ಕಲ್ಲು ಅಗೆಯುತ್ತಾರೆ. ಏಳು ವರ್ಷ ದೊಡ್ಡದಲ್ಲ.

ಬಿಸಿಲೂರು:
ಅನ್‌ರಿಯಲ್ ಬಗ್ಗೆ ನನ್ನ ಅನುಭವ. ಮೇ ತಿಂಗಳು, ರಾಯಚೂರು, ಮಹಡಿ ಮೇಲಿನ ರೂಮು. ಪ್ರಾಜೆಕ್ಟ್ ತೆರೆದೆ. ‘ಶೇಡರ್ (ಬೆಳಕು, ಬಣ್ಣದ ಲೆಕ್ಕ ಮಾಡುವ ಪುಟ್ಟ ಕೋಡ್) ಕಂಪೈಲ್ ಆಗುತ್ತಿದೆ’ ಅಂತ ಸಾವಿರಾರು ಲೆಕ್ಕದಲ್ಲಿ ನಂಬರ್ ತೋರಿಸಿತು. ಸ್ನಾನ ಮಾಡಿ, ಊಟ ಮಾಡಿ, ಮಲಗಿ ಎದ್ದೆ. ಲ್ಯಾಪ್‌ಟಾಪ್ ಮುಟ್ಟಿದರೆ ರೊಟ್ಟಿ ಹಂಚು. ಆಮೇಲೆ ಕರೆಂಟ್ ಹೋಯಿತು. ಶಕ್ತಿನಗರದಲ್ಲಿ ಕರೆಂಟ್ ಹುಟ್ಟುತ್ತದೆ, ನಮ್ಮ ರೂಮಿಗೆ ಬರುವುದಿಲ್ಲ.

ಗೇಜ್_104:
ಕೊನೆ ಭಾಗದ ರೂಮು ನಿಮ್ಮದು.

ಸೆಮಿಕೋಲನ್:
@ಹಟ್ಟಿ_ಹುಡುಗ ನೀವು ಕೊಟ್ಟ ಉದಾಹರಣೆಗಳನ್ನೇ ಇನ್ನೊಮ್ಮೆ ನೋಡಿ. ನೋಯಿಟಾ, ಫ್ಯಾಕ್ಟೋರಿಯೊ ಎರಡರಲ್ಲೂ ಆಟದ ಜೀವವೇ ಒಂದು ವಿಚಿತ್ರ ಲೆಕ್ಕ. ಆ ಲೆಕ್ಕ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ, ಅದಕ್ಕೇ ಬರೆದರು. ಕ್ಯಾಪ್‌ಕಾಮ್ ಬರೆದದ್ದು ಒಂದು ಗೇಮ್‌ಗಲ್ಲ, ಹತ್ತಾರು ಗೇಮ್‌ಗೆ. ಖರ್ಚು ಹಂಚಿಹೋಗುತ್ತದೆ. ಈಗ ಕಾಲುವೆ ಗೇಮ್‌ಗೆ ಬನ್ನಿ. ಗೆಳೆಯರೇ, ನಿಮ್ಮ ನೀರಿನ ಲೆಕ್ಕ ಹೇಗೆ ನಡೆಯುತ್ತದೆ, ಸ್ವಲ್ಪ ಹೇಳಿ?

ಗೆಳೆಯ_ನಾನೇ:
ಗ್ರಿಡ್. 512ಕ್ಕೆ 512 ಚೌಕ. ಪ್ರತಿ ಚೌಕದಲ್ಲೂ ಎಷ್ಟು ನೀರಿದೆ, ನೆಲ ಎಷ್ಟು ಎತ್ತರ ಅಂತ ಇಟ್ಟುಕೊಂಡಿದ್ದೇನೆ. ಪಕ್ಕದ ಚೌಕದ ಮಟ್ಟ ಕಡಿಮೆ ಇದ್ದರೆ ಅಲ್ಲಿಗೆ ಹರಿಯುತ್ತದೆ. ಒಟ್ಟು 2,62,144 ಚೌಕ, ಸೆಕೆಂಡಿಗೆ 60 ಸಲ. 3 ಜಿಬಿ ರ‍್ಯಾಮ್ ಇರುವ ಫೋನಿನಲ್ಲಿ ಓಡಬೇಕು. ಅದಕ್ಕೇ ಸ್ವಂತ ಎಂಜಿನ್. ಗೊಡೋದ ಸ್ಕ್ರಿಪ್ಟ್ ಭಾಷೆಯಲ್ಲಿ ಇದನ್ನು ಬರೆದರೆ ಫೋನು ಬಿಸಿಲೂರು ಅಣ್ಣನ ಲ್ಯಾಪ್‌ಟಾಪ್ ಆಗುತ್ತದೆ.

ಗೇಜ್_104:
ತಮ್ಮಾ, ಕೋಡ್ ನನಗೆ ಗೊತ್ತಿಲ್ಲ. ಕಾಲುವೆ ಗೊತ್ತು. ಕಾಲುವೆ ಕೆರೆ ಥರ ಅಲ್ಲ, ಹಾಸಿಕೊಂಡು ಇರುವುದಿಲ್ಲ. ಅದೊಂದು ಮರ. ಕಾಂಡ ಮುಖ್ಯ ಕಾಲುವೆ, ಕೊಂಬೆ ಉಪಕಾಲುವೆ, ರೆಂಬೆ ಹೊಲಗಾಲುವೆ. ಪ್ರತಿ ಕವಲಿಗೆ ಒಂದು ತೂಬು. ನೀರಗಂಟಿ ಚೌಕ ಎಣಿಸುವುದಿಲ್ಲ, ತೂಬು ಎಣಿಸುತ್ತಾನೆ. ನಿನ್ನ ಗೇಮ್‌ನಲ್ಲಿ ತೂಬು ಎಷ್ಟಿವೆ?

ಗೆಳೆಯ_ನಾನೇ:
…180 ಚಿಲ್ಲರೆ.

ಸೆಮಿಕೋಲನ್:
104 ಸರ್, ನೀವು ಯಾವ ಕಂಪನಿಯಲ್ಲಿದ್ದೀರಿ? ನಮ್ಮಲ್ಲಿಗೆ ಬಂದುಬಿಡಿ.

ನಿಜಕ್ಕೂ ಇಷ್ಟೇ. 180 ತೂಬು, ನಡುವೆ 180 ತುಂಡು ಕಾಲುವೆ. ಒಂದೊಂದು ತುಂಡಿಗೆ ಎಷ್ಟು ನೀರು ಬಂತು, ಎಷ್ಟು ಹೋಯಿತು, ಎಷ್ಟು ಇಂಗಿತು ಅಂತ ಲೆಕ್ಕ. ಸೆಕೆಂಡಿಗೆ ಹತ್ತು ಸಲ ಮಾಡಿದರೆ ಸಾಕು, ಪರದೆಯನ್ನು ಮಾತ್ರ 60 ಸಲ ಬಿಡಿಸಿ. ಇದಕ್ಕೆ ಯಾವ ಎಂಜಿನ್‌ನ ಸ್ಕ್ರಿಪ್ಟ್ ಆದರೂ ನಡೆಯುತ್ತದೆ. ಒಡ್ಡು ಒಡೆದು ಹೊಲದ ತುಂಬ ನೀರು ನುಗ್ಗುವ ದೃಶ್ಯ ಬೇಕೇ ಬೇಕು ಅಂದರೆ, ಆ ತುಂಡು ಜಾಗಕ್ಕೆ ಮಾತ್ರ ನಿಮ್ಮ ಗ್ರಿಡ್ ಬಳಸಿ. ಆ ಸಿ ಪ್ಲಸ್ ಪ್ಲಸ್ ಕೋಡನ್ನು ಎಸೆಯಬೇಕಾಗಿಲ್ಲ. ಗೊಡೋದಲ್ಲಿ ಜಿಡಿಎಕ್ಸ್‌ಟೆನ್ಶನ್ ಅಂತ ಇದೆ, ಹಾಗೇ ಒಳಗೆ ಕೂರಿಸಬಹುದು. ಯೂನಿಟಿಯಲ್ಲೂ ನೇಟಿವ್ ಪ್ಲಗಿನ್ ಆಗುತ್ತದೆ.

ಆನೆಗೊಂದಿ_ಎಕ್ಸ್‌ಪ್ರೆಸ್:
ಒಡ್ಡು ಒಡೆಯುವ ದೃಶ್ಯ ಬೇಡ ಸ್ವಾಮಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ (ಟಿಬಿ) ಡ್ಯಾಂನ 19ನೇ ಗೇಟ್ ಕೊಚ್ಚಿಹೋದಾಗ ನಾವು ರಾತ್ರಿ ನಿದ್ದೆ ಮಾಡಿರಲಿಲ್ಲ.

ಕೊನೆಮೈಲು:
ಅದನ್ನು ಕೊನೆ ಹಂತ ಮಾಡಬೇಕು ಅಂತಿದ್ದೆವು. ಗೇಟ್ ಹೋಗಿದೆ, ನೀರು ನದಿಗೆ ಹರಿದು ಹೋಗುತ್ತಿದೆ, ಉಳಿದ ನೀರಿನಲ್ಲಿ ಒಂದು ಬೆಳೆ ಉಳಿಸಬೇಕು. ಬೇಡ ಅಂತೀರಾ?

ಆನೆಗೊಂದಿ_ಎಕ್ಸ್‌ಪ್ರೆಸ್:
ಅಯ್ಯೋ. ಇದು ಚೆನ್ನಾಗಿದೆ. ಹಾಕಿ.

ರಾಯರ_ಕುದುರೆ:
ಎಲ್ಲ ಸರಿ, 1520ರ ರಾಯಚೂರು ಯುದ್ಧದ ಗೇಮ್ ಯಾಕೆ ಯಾರೂ ಮಾಡುತ್ತಿಲ್ಲ? ಈ ಕಡೆ ಕೃಷ್ಣದೇವರಾಯ, ಆ ಕಡೆ ಇಸ್ಮಾಯಿಲ್ ಆದಿಲ್ ಶಾ, ನಡುವೆ ಬಂದೂಕು ಹಿಡಿದ ಪೋರ್ಚುಗೀಸರು. ಕೋಟೆ ಇನ್ನೂ ಹಾಗೇ ನಿಂತಿದೆ.

ಮಿರ್ಚಿ_ಒಗ್ಗಾಣಿ:
ಅದಕ್ಕೆ ಸ್ವಂತ ಎಂಜಿನ್ ಬರೆಯುವುದಕ್ಕೆ ಇನ್ನೂ 500 ವರ್ಷ ಬೇಕು.

ಅರ್ಕಾವತ್ತು:
ಎಲ್ಲರೂ ನೀರಿನಲ್ಲೇ ಇದ್ದೀರಿ. ಒತ್ತಕ್ಷರದ ವಿಷಯ ಯಾರೂ ಮುಟ್ಟಲಿಲ್ಲ. ಕನ್ನಡದಲ್ಲಿ ಗೇಮ್ ಮಾಡುವವರಿಗೆ ಎಂಜಿನ್ ಆರಿಸಲು ಇದೇ ಮೊದಲ ಪರೀಕ್ಷೆ ಆಗಬೇಕು ಅನ್ನುವುದು ನನ್ನ ಅಭಿಪ್ರಾಯ. ಕೊಪ್ಪಳದಲ್ಲಿ ಶಾಲೆ ಮಕ್ಕಳಿಗೆ ಒಂದು ಪದದಾಟ ಮಾಡಲು ಹೋಗಿ ಆರು ತಿಂಗಳು ಸುಟ್ಟುಕೊಂಡಿದ್ದೇನೆ.

ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಚಿತ್ರ, ಸಾಲಾಗಿ ಇಟ್ಟರೆ ಮುಗಿಯಿತು. ಕನ್ನಡದಲ್ಲಿ ‘ಸ್ತ್ರೀ’ ಬರೆದರೆ ಫೈಲಿನಲ್ಲಿ ಇರುವುದು ಸ, ಹಲಂತ, ತ, ಹಲಂತ, ರ, ದೀರ್ಘ ಈ, ಇಷ್ಟು ಬಿಡಿ ಬಿಡಿ. ಅವನ್ನು ಸೇರಿಸಿ ಒಂದು ಅಕ್ಷರದ ಆಕಾರ ಕೊಡುವುದು ಬೇರೆಯೇ ಕೆಲಸ. ಅದಕ್ಕೆ ಶೇಪಿಂಗ್ ಅಂತಾರೆ. ‘ಸೂರ್ಯ’ ಇನ್ನೂ ಮಜಾ. ರ ಮೊದಲು ಬರುತ್ತದೆ, ಪರದೆಯಲ್ಲಿ ಅರ್ಕಾವತ್ತಾಗಿ ಹಿಂದೆ ಕೂರಬೇಕು. ಈ ಕೆಲಸಕ್ಕೆ ಹಾರ್ಫ್‌ಬಜ್ ಎಂಬ ಮುಕ್ತ ಲೈಬ್ರರಿ ಇದೆ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್ ಎಲ್ಲ ಅದನ್ನೇ ಬಳಸುತ್ತವೆ.

ಈಗ ಎಂಜಿನ್‌ಗೆ ಬನ್ನಿ. ಗೊಡೋ 4ರಲ್ಲಿ ಹಾರ್ಫ್‌ಬಜ್ ಒಳಗೇ ಇದೆ, ಸರಿಯಾದ ಕನ್ನಡ ಫಾಂಟ್ ಕೊಟ್ಟರೆ ಸರಿಯಾಗಿ ಬರುತ್ತದೆ. ಅನ್‌ರಿಯಲ್‌ನಲ್ಲೂ ಇದೆ. ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ ಮಾತ್ರ ಇದೇ ದೊಡ್ಡ ತಲೆನೋವು, ಒತ್ತಕ್ಷರ ಒಡೆದು ಕೂರುತ್ತದೆ. ಯೂನಿಟಿ 6ರಲ್ಲಿ ಮೆನು, ಬಟನ್ ಮಾಡುವ ಯುಐ ಟೂಲ್‌ಕಿಟ್‌ಗೆ ಹೊಸ ಪಠ್ಯ ವ್ಯವಸ್ಥೆ ತಂದಿದ್ದಾರೆ, ಅದು ಈ ದಿಕ್ಕಿನಲ್ಲೇ ಇದೆ. ಆದರೆ ನಾನು ಸಿಕ್ಕಿಬಿದ್ದದ್ದು ಅದಕ್ಕೂ ಮೊದಲು.

ಕಿನ್ನಾಳ_ಗೊಂಬೆ:
ನಾನು ಈಗ ಪ್ರತಿ ಪದವನ್ನೂ ಚಿತ್ರ ಮಾಡಿ ಕೊಡುತ್ತಿದ್ದೇನೆ. ‘ನೀರು ಬಿಡಿ’ ಒಂದು ಚಿತ್ರ. ‘ತೂಬು ಮುಚ್ಚಿ’ ಇನ್ನೊಂದು. 212 ಚಿತ್ರ ಆಗಿವೆ. ನಿನ್ನೆ ಕೊನೆಮೈಲು ಬಂದು ‘ತೂಬು’ ಬೇಡ, ‘ಗೇಟ್’ ಮಾಡೋಣ್ವಾ ಅಂದ.

ಕೊನೆಮೈಲು:
ಕ್ಷಮೆ ಕೇಳಿದ್ದೇನೆ. ಮಿರ್ಚಿ ಕೊಡಿಸಿದ್ದೇನೆ ಕೂಡ.

ಹಳೆ_ಪಿಸಿ:
ಒಂದು ಹಳೇ ಉಪಾಯ ಹೇಳಲಾ? ನುಡಿಯ ಹಳೆಯ ಆಸ್ಕಿ ಫಾಂಟ್‌ಗಳು ಇದ್ದವಲ್ಲ, ಡಿಟಿಪಿಯವರು ಬಳಸುತ್ತಿದ್ದವು. ಅದರಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ತುಂಡುಗಳು ಕೂತಿರುತ್ತವೆ. ಒತ್ತು ಒಂದು ತುಂಡು, ಗುಣಿತ ಒಂದು ತುಂಡು. ಶೇಪಿಂಗ್ ಬೇಕಾಗಿಯೇ ಇಲ್ಲ. ಯೂನಿಕೋಡ್ ಪಠ್ಯವನ್ನು ಆಸ್ಕಿಗೆ ಬದಲಾಯಿಸಿ ಆ ಫಾಂಟ್ ಹಾಕಿದರೆ ಯಾವ ದಡ್ಡ ಎಂಜಿನ್ ಆದರೂ ಕನ್ನಡ ತೋರಿಸುತ್ತದೆ.

ಅರ್ಕಾವತ್ತು:
ತೋರಿಸುತ್ತದೆ, ನಿಜ. ನಾನೂ ಕೊನೆಗೆ ಅದನ್ನೇ ಮಾಡಿದ್ದು. ಆದರೆ ಸಾಲು ಎಲ್ಲಿ ಮುರಿಯಬೇಕು ಅಂತ ಎಂಜಿನ್‌ಗೆ ಗೊತ್ತಾಗುವುದಿಲ್ಲ. ಮಗು ತನ್ನ ಹೆಸರು ಟೈಪ್ ಮಾಡಿದರೆ ಅದು ಯೂನಿಕೋಡ್‌ನಲ್ಲಿ ಬರುತ್ತದೆ, ಪರದೆಯಲ್ಲಿ ಕಸ. ಪ್ರತಿ ಸಲ ಬದಲಾಯಿಸುವ ಕೋಡ್ ನಾವೇ ಸಾಕಬೇಕು. ನೋಡಿ, ಬೇರೆಯವರ ಎಂಜಿನ್ ತೆಗೆದುಕೊಂಡರೂ ಅರ್ಧ ಎಂಜಿನ್ ನಾವೇ ಬರೆದ ಹಾಗಾಯಿತು.

ಗೆಳೆಯ_ನಾನೇ:
ಹಾರ್ಫ್‌ಬಜ್ ಅಂತ ಇದೆ ಅನ್ನುವುದೇ ಗೊತ್ತಿರಲಿಲ್ಲ. ಮೂರು ತಿಂಗಳು ಒತ್ತಕ್ಷರ ಜೋಡಿಸುವ ಕೋಡ್ ಕೈಯಾರೆ ಬರೆಯುತ್ತಿದ್ದೆ. ‘ಕ್ಷ್ಮ’ದ ತನಕ ಬಂದಿದ್ದೆ.

ಮಿರ್ಚಿ_ಒಗ್ಗಾಣಿ:
ಲಕ್ಷ್ಮಿ ಕೈಗೆ ಬಂದಿದ್ದಳು ಅನ್ನಿ.

ಜೀನ್ಸ್_ನಗರ:
ಪ್ಲೇ ಸ್ಟೋರ್ ಬಗ್ಗೆ ಒಂದು ಮಾತು, ಇದು ಯಾರೂ ಲೆಕ್ಕ ಹಾಕುವುದಿಲ್ಲ. ಗೂಗಲ್ ಸುಮ್ಮನೆ ಕೂರುವುದಿಲ್ಲ. 2019ರ ಆಗಸ್ಟ್‌ನಲ್ಲಿ 64 ಬಿಟ್ ಕಡ್ಡಾಯ ಎಂದಿತು. ಪ್ರತಿ ವರ್ಷ ಹೊಸ ಆಂಡ್ರಾಯ್ಡ್ ಆವೃತ್ತಿಗೆ ತಕ್ಕಂತೆ ಆ್ಯಪ್ ಏರಿಸಿ ಅನ್ನುತ್ತದೆ. 2025ರ ನವೆಂಬರ್‌ನಿಂದ 16 ಕೆಬಿ ಮೆಮೊರಿ ಪುಟ (ಫೋನ್ ಮೆಮೊರಿ ಹಂಚುವ ತುಂಡಿನ ಅಳತೆ) ಅಂತ ಹೊಸದು. ನೇಟಿವ್ ಕೋಡ್ (ಸಿ ಪ್ಲಸ್ ಪ್ಲಸ್ ಥರದ್ದು) ಇರುವವರೆಲ್ಲ ಮತ್ತೆ ಕಂಪೈಲ್ ಮಾಡಬೇಕು. ಎಂಜಿನ್ ಬೇರೆಯವರದ್ದಾದರೆ ಅವರು ಮಾಡುತ್ತಾರೆ, ನೀವು ಅಪ್‌ಡೇಟ್ ಒತ್ತಿದರೆ ಸಾಕು. ಸ್ವಂತದ್ದಾದರೆ ನಿಮ್ಮ ಗೆಳೆಯನೇ ಮಾಡಬೇಕು. ಅವನಿಗೆ ಮದುವೆ ಆಗಿ ಹೈದರಾಬಾದಿಗೆ ಹೋದರೆ?

ಬಳ್ಳಾರಿಯಲ್ಲಿ ನಾನು ಕೆಲಸ ಮಾಡಿದ ಒಂದು ಪುಟ್ಟ ಕಂಪನಿಯಲ್ಲಿ ಸರಿಯಾಗಿ ಇದೇ ಆಯಿತು. ಗೇಮ್ ಅಲ್ಲ, ಲೆಕ್ಕಪತ್ರದ ಸಾಫ್ಟ್‌ವೇರ್. ಎಲ್ಲವೂ ಒಬ್ಬನ ತಲೆಯಲ್ಲಿತ್ತು. ಅವನು ಹೋದ ಮೇಲೆ ನಾವು ಎರಡು ವರ್ಷ ಆ ಕೋಡಿಗೆ ಕೈ ಮುಗಿದು ಕೂತೆವು, ಮುಟ್ಟಲಿಲ್ಲ.

ಗೆಳೆಯ_ನಾನೇ:
ಮದುವೆ ವಿಷಯ ಮನೆಯಲ್ಲಿ ಸಾಕು, ಇಲ್ಲಿ ಬೇಡ.

ಹಟ್ಟಿ_ಹುಡುಗ:
ಅಪ್‌ಡೇಟ್ ಒತ್ತಿದರೆ ಸಾಕು ಅಂತೆ! ನೀವು ಯೂನಿಟಿಯ ಆವೃತ್ತಿ ಏರಿಸಿ ನೋಡಿದ್ದೀರಾ ಯಾವತ್ತಾದರೂ? ನಾನು ಒಂದು ಸಲ ಒತ್ತಿದೆ. 43 ತಪ್ಪು ಬಂತು. ಎಲ್ಲ ಪ್ಲಗಿನ್ ಸತ್ತವು.

ಜೀನ್ಸ್_ನಗರ:
ಸರಿ, ಒಪ್ಪಿದೆ. ಒತ್ತಿ, ದೇವರಿಗೆ ಕೈ ಮುಗಿಯಬೇಕು. ಆದರೂ 43 ತಪ್ಪು 14 ತಿಂಗಳಿಗಿಂತ ಕಡಿಮೆ.

ಸೆಮಿಕೋಲನ್:
ಲೈಸೆನ್ಸ್ ವಿಷಯಕ್ಕೆ ಬರೋಣ, ಗೆಳೆಯನ ಭಯ ಅಲ್ಲೇ ಇರುವುದು. ಅನ್‌ರಿಯಲ್ ಒಂದು ಗೇಮ್‌ನಿಂದ 10 ಲಕ್ಷ ಡಾಲರ್ ಬರುವ ತನಕ ಏನೂ ಕೇಳುವುದಿಲ್ಲ. ಅದರ ಮೇಲಿನದಕ್ಕೆ 5%. 12 ಲಕ್ಷ ಬಂದರೆ 2 ಲಕ್ಷದ ಮೇಲೆ ಮಾತ್ರ, ಅಂದರೆ 10,000 ಡಾಲರ್. ಸೋರ್ಸ್ ಕೋಡ್ ನೋಡಬಹುದು, ತಿದ್ದಬಹುದು. ಗೊಡೋ ಎಂಐಟಿ ಲೈಸೆನ್ಸ್, 2014ರಿಂದ ಮುಕ್ತ. ಯಾರಿಗೂ ಒಂದು ರೂಪಾಯಿ ಕೊಡಬೇಕಾಗಿಲ್ಲ. ನಾಳೆ ಮಾಡುವವರು ಕೈಬಿಟ್ಟರೂ ನಿಮ್ಮ ಹತ್ತಿರ ಇರುವ ಪ್ರತಿ ನಿಮ್ಮದೇ. ಯೂನಿಟಿ ಗಲಾಟೆ ಆದಾಗ ಟೆರಾರಿಯಾ ಮಾಡಿದ ರಿ-ಲಾಜಿಕ್ ಕಂಪನಿ ತಾನು ಗೊಡೋ ಬಳಸದಿದ್ದರೂ 1 ಲಕ್ಷ ಡಾಲರ್ ಕೊಟ್ಟಿತು. ಎಫ್‌ಎನ್‌ಎ ಎಂಬ ಇನ್ನೊಂದು ಮುಕ್ತ ಲೈಬ್ರರಿಗೂ ಅಷ್ಟೇ ಕೊಟ್ಟಿತು.

ಗೊಡೋಗೆ ತೊಂದರೆ ಇಲ್ಲ ಅಂತಲ್ಲ. ಪ್ಲೇಸ್ಟೇಷನ್, ಸ್ವಿಚ್‌ಗೆ ಹೋಗಬೇಕಾದರೆ ಬೇರೆ ಕಂಪನಿ ಹಿಡಿಯಬೇಕು. ಕನ್ಸೋಲ್ ಕೋಡು ಗುಟ್ಟಿನ ಒಪ್ಪಂದದ ಅಡಿ ಇರುತ್ತದೆ, ಮುಕ್ತವಾಗಿ ಹಂಚಲು ಆಗುವುದಿಲ್ಲ. ನೀವು ಹೋಗುತ್ತಿರುವುದು ಫೋನಿಗೆ, ಅದರ ಚಿಂತೆ ಬಿಡಿ.

ಬಿಸಿಲೂರು:
‘ಗೊಡೋ’ನಾ ‘ಗೋಡಾಟ್’ಆ? ನಾನು ಇಷ್ಟು ದಿನ ಗೋಡಾಟ್ ಅಂತಿದ್ದೆ. ಗೋಡೆ ಆಟ ಅಂದುಕೊಂಡು ನಮ್ಮ ಅಜ್ಜಿ ಯಾವ ಗೋಡೆ ಅಂತ ಕೇಳಿದರು.

ಹಳೆ_ಪಿಸಿ:
ಯೋಚನೆ ಮಾಡಿದರೆ ‘ಸ್ವಂತ’ ಅನ್ನುವುದೇ ಗೋಜಲು. ಕಾಲ್ ಆಫ್ ಡ್ಯೂಟಿ ಎಂಜಿನ್ ಸ್ವಂತದ್ದು ಅಂತಾರೆ. 2003ರಲ್ಲಿ ಮೊದಲ ಗೇಮ್ ನಿಂತದ್ದು ಅದೇ ಐಡಿ ಕಂಪನಿಯ ಐಡಿ ಟೆಕ್ 3 ಎಂಜಿನ್ ಮೇಲೆ. ತಿದ್ದಿ ತಿದ್ದಿ ಈಗ ಹಳೆಯದು ಎಷ್ಟು ಉಳಿದಿದೆಯೋ. ಒಬ್ಬರಿಂದ ಬೀಜ ತಂದು ಇಪ್ಪತ್ತು ವರ್ಷ ಬಿತ್ತಿದ ಮೇಲೆ ಆ ಭತ್ತ ಯಾರದ್ದು?

2025ರಲ್ಲಿ ಬಂದ, ಆಬ್ಲಿವಿಯನ್ ಎಂಬ ಹಳೇ ಗೇಮ್‌ನ ಹೊಸ ಆವೃತ್ತಿಯಲ್ಲಂತೂ ಎರಡೂ ಒಟ್ಟಿಗೆ ಇವೆ. ಆಟದ ಲೆಕ್ಕವೆಲ್ಲ ಬೆಥೆಸ್ಡಾದ ಹಳೇ ಎಂಜಿನ್, ಕಣ್ಣಿಗೆ ಕಾಣುವುದು ಅನ್‌ರಿಯಲ್. ಹಳೇ ಎತ್ತು, ಹೊಸ ಗಾಡಿ.

ಕೊನೆಮೈಲು:
@ಗೆಳೆಯ_ನಾನೇ ಏನೂ ಮಾತಾಡ್ತಿಲ್ಲ?

ಗೆಳೆಯ_ನಾನೇ:
ಓದುತ್ತಿದ್ದೇನೆ. ಒಂದು ನಿಜ ಹೇಳುತ್ತೇನೆ. ಯೂನಿಟಿ ಭಯ, ಫೋನ್ ವೇಗ, ಇವೆಲ್ಲ ಆಮೇಲೆ ಹುಡುಕಿಕೊಂಡ ಕಾರಣಗಳು. ನನಗೆ ಎಂಜಿನ್ ಬರೆಯುವುದು ಇಷ್ಟ. ರಾತ್ರಿ ಎರಡು ಗಂಟೆಗೆ ನೀರು ಮೊದಲ ಸಲ ಚೌಕದಿಂದ ಚೌಕಕ್ಕೆ ಹರಿಯಿತಲ್ಲ, ಆವತ್ತಿನ ಖುಷಿ ಮೆನು ಮಾಡುವುದರಲ್ಲಿ ಇಲ್ಲ. ಗೇಮ್ ಮುಗಿದರೆ ಎಂಜಿನ್ ಬರೆಯುವುದೂ ಮುಗಿಯುತ್ತದೆ ಅಲ್ವಾ.

ಕಿನ್ನಾಳ_ಗೊಂಬೆ:
ಇದನ್ನು 14 ತಿಂಗಳ ಹಿಂದೆ ಹೇಳಿದ್ದರೆ ನನ್ನ 212 ಚಿತ್ರ ಉಳಿಯುತ್ತಿದ್ದವು. ಆದರೂ ಹೇಳಿದೆಯಲ್ಲ, ಸರಿ.

ಸೆಮಿಕೋಲನ್:
ತಮ್ಮಾ, ನಾಚಿಕೆ ಪಡಬೇಡ. ನನ್ನ ಲ್ಯಾಪ್‌ಟಾಪ್‌ನಲ್ಲಿ ಮೂರು ಅರ್ಧ ಎಂಜಿನ್ ಇವೆ. ಒಂದಕ್ಕೆ ಲೋಗೊ ಕೂಡ ಮಾಡಿಸಿದ್ದೆ. ಎಂಜಿನ್ ಬರೆಯಲು ಬರುವವರಿಗೆ ಕೆಲಸ ಕೊಡುವ ಸ್ಟುಡಿಯೋಗಳು ಇವೆ, ಆ 14 ತಿಂಗಳು ನಿನ್ನ ಬಯೋಡೇಟಾದಲ್ಲಿ ಹಾಕು. ಗೇಮ್ ಮಾತ್ರ ಗೊಡೋದಲ್ಲಿ ಮುಗಿಸು.

ಹಟ್ಟಿ_ಹುಡುಗ:
ನಾನು ಇನ್ನೂ ಒಪ್ಪಿಲ್ಲ ಅಂತ ದಾಖಲೆಗೆ ಇರಲಿ.

ಕೊನೆಮೈಲು:
ಮೂರು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ. ಗೊಡೋಗೆ ಬಂದೆವು. 180 ತೂಬಿನ ಲೆಕ್ಕ ಒಂದು ಭಾನುವಾರದಲ್ಲಿ ಮುಗಿಯಿತು. ಅವನು ಆವತ್ತು ಯಾರ ಜೊತೆಗೂ ಮಾತಾಡಲಿಲ್ಲ. ಒಡ್ಡು ಒಡೆಯುವ ದೃಶ್ಯಕ್ಕೆ ಅವನ ಗ್ರಿಡ್ಡೇ ಹಾಗೇ ಒಳಗೆ ಕೂತಿದೆ, ನೋಡಿದವರೆಲ್ಲ ಅದನ್ನೇ ಹೊಗಳುತ್ತಾರೆ. ಮೆನು ಬಂತು, ಸೇವ್ ಬಂತು. ಹಂತ ಎರಡರಲ್ಲಿ ‘ಸ್ತ್ರೀಶಕ್ತಿ ಸಂಘದ ಹೊಲ’ ಅಂತ ಒಂದು ಬೋರ್ಡ್ ಇದೆ, ಸರಿಯಾಗಿ ಕಾಣುತ್ತಿದೆ. ಎಮ್ಮೆ ದಡದ ಮೇಲೆ ನಿಂತಿದೆ. ಇನ್ನೊಂದು ಸಮಸ್ಯೆ ಶುರುವಾಗಿದೆ, ಹಳೆಯ ಫೋನಿನಲ್ಲಿ ಗೇಮ್ ತೆರೆಯಲು ತುಂಬಾ ಹೊತ್ತು ಹಿಡಿಯುತ್ತದೆ. ಅದಕ್ಕೆ ಬೇರೆ ಜಗಳ ಶುರು ಮಾಡುತ್ತೇನೆ.

ಗೇಜ್_104:
ಅದೆಲ್ಲ ಇರಲಿ. ಕೊನೆ ಹೊಲಕ್ಕೆ ನೀರು ಬಂತಾ?

ಕೊನೆಮೈಲು:
ಇನ್ನೂ ಇಲ್ಲ. ಮೊನ್ನೆ ಮೇಲ್ಭಾಗದ ರೈತರಿಗೆ ಸ್ವಂತ ಬುದ್ಧಿ ಕೊಟ್ಟೆವು. ಮೊದಲ ದಿನವೇ ರಾತ್ರಿ ಪಂಪ್‌ಸೆಟ್ ಇಟ್ಟಿದ್ದಾರೆ.

ಆನೆಗೊಂದಿ_ಎಕ್ಸ್‌ಪ್ರೆಸ್:
ನಾವಲ್ಲ.